ಎಡಗೈಯವಳು

ಕನ್ನಡಿಯಲ್ಲಿ ಮಾತ್ರ ನಾನು ಬಲಗೈಯವಳು. ಕನ್ನಡಿಯ ಈಚೆ, ಐವತ್ತು ದಾಟಿದ ಈ ವಯಸ್ಸಿನಲ್ಲೂ, ಅಪ್ಪಟ ಎಡಚಿ. ಇದನ್ನು ಬರೆಯುತ್ತಿರುವುದೂ ಎಡಗೈಯಲ್ಲೇ. ಅಂಗೈಯ ಅಂಚಿಗೆ ಶಾಯಿ ಮೆತ್ತಿಕೊಂಡಿದೆ. ನಂಬಿಕೆ ಬಾರದಿದ್ದರೆ ಬಂದು ನೋಡಿ.

ಕಂಪ್ಲಿಯ ತವರಿನಲ್ಲಿ ಅವ್ವ ಈ ಕೈಯನ್ನು ತಿದ್ದಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಬಲಗೈಯಿಂದ ಉಣ್ಣುವುದನ್ನು ಹೇಗೋ ಕಲಿಸಿದಳು. ಸೂಜಿ, ಸವುಟು, ಕಸಬರಿಗೆಗಳು ಮಾತ್ರ ತಾವಾಗಿಯೇ ಎಡಕ್ಕೆ ಬರುತ್ತಿದ್ದವು. ಅಕ್ಕಿ ಗಿರಣಿಯಿಂದ ಬಂದ ಅಪ್ಪ ನಗುತ್ತಿದ್ದ: "ಬಿಡು ಆಕಿನ್ನ. ಶಿವನ ಎಡಕ್ಕ ಪಾರ್ವತಿ ಅದಾಳ. ಆ ಕಡಿಗೆ ಏನು ಕೊರತಿ ಐತಿ?" ಆ ಮಾತು ನನ್ನ ತಲೆಗೇರಿತು. ಇಂದಿಗೂ ಹಂಪಿಯ ಶಿಲ್ಪಗಳಲ್ಲಿ ನಾನು ಮೊದಲು ಹುಡುಕುವುದು ಎಡಗೈಯನ್ನು. ಒಂದು ಬಿಲ್ಲು ಹಿಡಿದಿರುತ್ತದೆ, ಇನ್ನೊಂದು ಕಮಲ. ಕೆಲಸವಿಲ್ಲದ ಎಡಗೈ ಅಲ್ಲಿ ಅಪರೂಪ.

ತೊಡಕಾದದ್ದು ಹೊಸಪೇಟೆಗೆ ಸೊಸೆಯಾಗಿ ಬಂದ ಮೇಲೆ, ಜೋಳದ ರೊಟ್ಟಿಯಿಂದ. ನನ್ನ ತವರು ಅನ್ನ ಉಣ್ಣುವ ಮನೆ. ಸಂಡೂರಿನವರಾದ ಅತ್ತೆಯದು ರೊಟ್ಟಿಯಲ್ಲಿ ಪಳಗಿದ ಕೈ. ಪಕ್ಕದಲ್ಲೇ ಕುಳಿತು, "ಬಲಗೈಲೆ ಬಡೀಬೇಕವಾ," ಎನ್ನುತ್ತಿದ್ದರು. ನನ್ನ ರೊಟ್ಟಿ ನಡುವೆ ದಪ್ಪ, ಅಂಚಿಗೆಲ್ಲ ಸೀಳು. ಗಂಡ ಅದನ್ನು ಮಾತಿಲ್ಲದೆ ಉಣ್ಣುತ್ತಿದ್ದರು. ಬೈದಿದ್ದರೇ ವಾಸಿಯಿತ್ತು.

ಒಮ್ಮೆ ಅತ್ತೆ ಮರಿಯಮ್ಮನಹಳ್ಳಿಗೆ ಮದುವೆಗೆ ಹೋದರು. ಅಡುಗೆಮನೆಯಲ್ಲಿ ನಾನೊಬ್ಬಳೇ. ಬಡಿಯುವ ಕಲ್ಲನ್ನು ಒಲೆಯ ಇನ್ನೊಂದು ಮಗ್ಗುಲಿಗೆ ಎಳೆದುಕೊಂಡು ಎಡಗೈಯಿಂದ ಬಡಿದೆ. ಮೊದಲನೆಯದು ಹರಿಯಿತು. ಎರಡನೆಯದೂ ಹರಿಯಿತು. ಹಿಟ್ಟಿಗೆ ಇನ್ನಷ್ಟು ಬಿಸಿನೀರು ಬೇಕೆಂಬುದು ಕೈಗೇ ತಿಳಿಯಿತು, ಯಾರೂ ಹೇಳಬೇಕಾಗಲಿಲ್ಲ. ನೋಡನೋಡುತ್ತ ರೊಟ್ಟಿ ಅಂಗೈ ಕೆಳಗೆ ಗುಂಡಗೆ ತಿರುಗತೊಡಗಿತು, ಊರವರ ರೊಟ್ಟಿ ತಿರುಗುವ ದಿಕ್ಕಿಗೆ ತದ್ವಿರುದ್ಧವಾಗಿ. ಹಂಚಿನ ಮೇಲೆ ಉಬ್ಬಿದ್ದು ಅದೋ ನಾನೋ, ಹೇಳಲಾರೆ.

ಅತ್ತೆ ಬಂದು, ಮಗ್ಗುಲು ಬದಲಿಸಿದ ಕಲ್ಲನ್ನು ನೋಡಿ, ಒಂದನ್ನು ಮುರಿದು ಬಾಯಿಗಿಟ್ಟರು. "ಮೆತ್ತಗ ಅದಾವು. ಆದ್ರ ಮಂದಿ ಮುಂದ ಎಡಗೈಲೆ ನೀಡಬ್ಯಾಡ," ಎಂದರು. ಒಪ್ಪಿಕೊಂಡೆ. ಆ ಕರಾರು ಬಹಳ ವರ್ಷ ನಡೆಯಿತು.

ಹೋದ ವರ್ಷ ಅತ್ತೆ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ತುತ್ತು ಮಾಡಿ ಉಣಿಸಲು ಹೋದರೆ ಬಾಯಿ ಬಿಗಿದರು. ಎಡಗೈಯಿಂದ ಉಣ್ಣಲೂ ಒಲ್ಲರು. ಬರೀ ಹಾಲು ಕುಡಿದು ಮಲಗುತ್ತಿದ್ದರು. ದಿನದಿನಕ್ಕೆ ಸೊರಗುವುದನ್ನು ನೋಡಲಾರದೆ, ತಾಟು ಹಿಡಿದು ಎದುರಿಗೇ ಕುಳಿತೆ.

"ಅತ್ತಿ, ನನ್ನ ಎಡಗೈ ರೊಟ್ಟಿ ಇಷ್ಟು ವರ್ಷ ಉಂಡೀರಿ. ನಿಮ್ಮ ಎಡಗೈ ಏನು ತಪ್ಪು ಮಾಡೇತ್ರಿ?"

ಅವರ ಕಣ್ಣು ತುಂಬಿತು. "ನನಗ ಬರಂಗಿಲ್ಲವಾ," ಎಂದರು.

ಮಡಿಯೆಂದು ನಾನು ತಿಳಿದದ್ದು ಬರೀ ಹೆದರಿಕೆ! ಆ ಹೆದರಿಕೆಯ ಪರಿಚಯ ನನಗಿಲ್ಲವೇ? "ರೊಟ್ಟಿ ದೊಡ್ಡದಾಗಿ ಮುರೀರಿ. ಪಲ್ಯ ತಾಟಿನ ಅಂಚಿಗೆ ದೂಡಿ ಹಿಡೀರಿ. ಚೆಲ್ಲಿದ್ರ ಚೆಲ್ಲಲಿ ಬಿಡ್ರಿ," ಎನ್ನುತ್ತ ನಾನೂ ಎಡಗೈಯಿಂದಲೇ ತಿಂದು ತೋರಿಸಿದೆ. ಅವರ ಮೊದಲ ತುತ್ತು ಸೆರಗಿಗೆ ಬಿತ್ತು. ಇಬ್ಬರೂ ನಕ್ಕೆವು. ಆಮೇಲಿನದು ಬಾಯಿ ಸೇರಿತು.

ಕೈ ನೆಟ್ಟಗಾದ ಮೇಲೆ ಮನೆಯಲ್ಲಿ ಪೂಜೆ ಇಟ್ಟುಕೊಂಡೆವು. ಸಂಡೂರಿನಿಂದ ಅತ್ತೆಯ ಅಣ್ಣ ಬಂದಿದ್ದರು. ಗಡಿಬಿಡಿಯಲ್ಲಿ ಎಡಗೈಯಿಂದಲೇ ಹೋಳಿಗೆ ನೀಡಲು ಬಗ್ಗಿದೆ. ಅವರು ತಾಟಿಗೆ ಕೈ ಅಡ್ಡ ಹಿಡಿದು, "ಬಲಗೈಲೆ ನೀಡವಾ," ಎಂದರು. ನಾನು ಕೈ ಬದಲಿಸುವಷ್ಟರಲ್ಲಿ ಅತ್ತೆಯ ದನಿ ಪಡಸಾಲೆಯ ಆ ತುದಿಗೂ ಕೇಳಿಸಿತು:

"ಆಕಿ ಕೈನ ಅದು, ಅಣ್ಣಾ! ಹೋಳಿಗಿ ಮಾಡಿದ್ದೂ ಅದ ಕೈ. ನೀ ಕೈ ತಗಿ, ಆರಿ ಹೋಗ್ತಾವು."

ಅವರು ಕೈ ತೆಗೆದರು. ನಾನು ಎಡಗೈಯಿಂದಲೇ ನೀಡಿದೆ, ತುಸು ಎದೆಯೆತ್ತಿಯೇ. ಸ್ವಲ್ಪ ಹೊತ್ತಿಗೆ ಅವರು ಇನ್ನೊಂದು ಕೇಳಿ ಹಾಕಿಸಿಕೊಂಡರು. ನಾಲಗೆ ಬಾಯಿಯ ನಟ್ಟನಡುವೆ ಇದೆ ನೋಡಿ. ಅದಕ್ಕೆ ಎಡವೂ ಇಲ್ಲ, ಬಲವೂ ಇಲ್ಲ.