ಮೀನಿನ ಅಚ್ಚಿನಲ್ಲಿ ಹೂರಣ

ಕಡಲಾಚೆಯ ಊರು ಡೈಮಂಡ್ ಬಾರ್‌ನ ಗುಡ್ಡದ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಶನಿವಾರದ ಸಂತೆ ಸೇರುವ ಪಾರ್ಕಿಂಗ್ ಜಾಗದಲ್ಲಿ ಶೇಖಪ್ಪನವರು ಒಲೆ ಹೊತ್ತಿಸಿ, ಮೀನಿನಾಕಾರದ ಕಬ್ಬಿಣದ ಅಚ್ಚುಗಳಿಗೆ ಎಣ್ಣೆ ಸವರುತ್ತಿದ್ದಾರೆ. ಲಿಂಗಪೂಜೆ ಮುಗಿಸಿಯೇ ಬಂದವರು. ಹಣೆಯ ವಿಭೂತಿ ಇನ್ನೂ ಹಸಿಯಾಗಿದೆ. ಅಚ್ಚಿಗೆ ಹಿಟ್ಟು, ಅದರ ಮೇಲೆ ಕೆಂಪು ಕಾಳಿನ ಸಿಹಿ ಹೂರಣ, ಮತ್ತೆ ಹಿಟ್ಟು. ಮುಚ್ಚಿ ಮಗುಚಿ ಬೇಯಿಸಿದರೆ ಕೊರಿಯಾದವರ ಚಳಿಗಾಲದ ಬೀದಿತಿಂಡಿ ಬುಂಗೊಪ್ಪಾಂಗ್ ಸಿದ್ಧ.

ಶೇಖಪ್ಪನವರು ಗದಗ ಕಡೆಯವರು. ಮಡದಿ ತೀರಿಕೊಂಡು ಮನೆ ಬಿಕೋ ಎನ್ನುತ್ತಿದ್ದಾಗ ಕೆಲಸಕ್ಕೆ ಕರೆದವರು ನೆರೆಮನೆಯ ಕೊರಿಯನ್ ಹೆಂಗಸು ಹಾನ್ ಅಮ್ಮ, ಈ ಅಂಗಡಿಯ ಒಡತಿ. "ಶಿವ ಆಕೀನ್ನ ಕರ್ಕೊಂಡ, ನನ್ನ ಕೈಯಾಗ ಸೌಟು ಕೊಟ್ಟ. ಸುಮ್ಮ ಕುಂದ್ರಬ್ಯಾಡಲೇ ಅಂದ" ಎಂದು ನಗುತ್ತಾರೆ.

ಇಷ್ಟು ದಿನ ಅವರದು ಹೂರಣ ಕುದಿಸುವ ಕೆಲಸ ಮಾತ್ರ. ಈಗ ಹಾನ್ ಅಮ್ಮನ ಭುಜಕ್ಕೆ ಆಪರೇಷನ್ ಆಗಿ, ಕೆಲವು ವಾರ ಅಂಗಡಿ ಮುಚ್ಚಿತ್ತು. ಇವತ್ತೂ ಅಂಗಡಿ ನಡೆಯದಿದ್ದರೆ ಜಾಗ ಬೇರೆಯವರ ಪಾಲು ಎಂದು ಸಂತೆಯ ಮ್ಯಾನೇಜರ್ ಹೇಳಿದ್ದಾನೆ.

ಕುರ್ಚಿಯಲ್ಲಿ ಕುಳಿತ ಹಾನ್ ಅಮ್ಮ ಮೊದಲ ಮೀನನ್ನು ಕಚ್ಚಿ ಮುಖ ಕಿವುಚುತ್ತಾರೆ. "ಸೋಪ್!"

ಶೇಖಪ್ಪನವರು ಹೂರಣದ ಪಾತ್ರೆ ಮೂಸಿ ನೋಡುತ್ತಾರೆ. ಗಡಿಬಿಡಿಯಲ್ಲಿ ಕೈ ತನ್ನ ರೂಢಿಯಂತೆ ನಡೆದು, ಹೋಳಿಗೆಗೆ ಹಾಕುವ ಹಾಗೆ ಹೂರಣಕ್ಕೆ ಏಲಕ್ಕಿ ಪುಡಿ ಬಿದ್ದಿದೆ! ಆ ಘಮದ ರೂಢಿಯಿಲ್ಲದ ಕೊರಿಯಾದವರಿಗೆ ಅದು ಸಾಬೂನಿನ ವಾಸನೆಯೇ.

ಬೆಂದ ಕಾಳು ಇನ್ನೂ ಉಳಿದಿದೆ. ಬರೀ ಸಕ್ಕರೆ ಹಾಕಿ ಪಕ್ಕದ ಒಲೆಯ ಮೇಲೆ ಹೊಸ ಹೂರಣ ಇಡುತ್ತಾರೆ. ಅದು ಹದಕ್ಕೆ ಬರುವವರೆಗೆ ಅಂಗಡಿ ಮುಂದೆ ಜನ ನಿಲ್ಲಬೇಕಲ್ಲ? ದೂರದಲ್ಲಿ ಕಾಫಿ ಹಿಡಿದು ನಿಂತ ಕನ್ನಡದವರ ಗುಂಪಿನತ್ತ ಕೂಗುತ್ತಾರೆ:

"ಸಿಂಧೂರಾ, ಬಾರವ್ವ! ಬಿಸೀದು ಐತಿ."

"ಅಯ್ಯೋ ಅಂಕಲ್, ನಾವು ಪ್ಯೂರ್ ವೆಜ್. ಆ ಫಿಶ್ ಶೇಪ್ ನೋಡಿದ್ರೇನೇ ಒಂಥರಾ ಆಗುತ್ತೆ."

"ಮತ್ತ ನಾ ಏನ್ ಮೀನ ಹುರಿಯಾಂವೇನ? ಆಕಾರ ಮೀನಿಂದು, ಆಚಾರ ಹೋಳಿಗೀದು. ಮೊಟ್ಟಿ ಸೈತ ಇಲ್ಲ. ಮುಳ್ಳು ಸಿಕ್ರ ನನ್ನ ಕೇಳು!"

ಸಿಂಧೂರ ಕಣ್ಣು ಮುಚ್ಚಿ ಕಚ್ಚುತ್ತಾಳೆ. ಏಲಕ್ಕಿಯ ಘಮ ಮೂಗಿಗೆ ಅಡರಿದ್ದೇ ತಡ, "ಏ, ಬನ್ರೋ ಎಲ್ಲ!" ಎಂದು ಗುಂಪನ್ನೇ ಕರೆಯುತ್ತಾಳೆ.

ಏಲಕ್ಕಿಯ ಮೀನುಗಳು ಖಾಲಿಯಾಗುವ ಹೊತ್ತಿಗೆ ಹೊಸ ಹೂರಣ ಹದಕ್ಕೆ ಬಂದಿದೆ. ಕನ್ನಡದವರ ಹಿಂದೆ ಕೊರಿಯಾದ ಅಜ್ಜ ಅಜ್ಜಿಯರೂ ಸಾಲು ನಿಂತಿದ್ದಾರೆ. ಹಾನ್ ಅಮ್ಮ ಹೊಸ ಹೂರಣದ ಮೀನೊಂದನ್ನು ಕಚ್ಚಿ ನೋಡಿ, ಈ ಸಲ ಪೂರ್ತಿ ತಿನ್ನುತ್ತಾರೆ.

ಬಂದ ಮ್ಯಾನೇಜರ್ ಸಾಲು ನೋಡಿ ಜಾಗ ಉಳಿಯಿತು ಎನ್ನುತ್ತಾನೆ. ಇನ್ನು ಅಂಗಡಿಯನ್ನು ನಿಮ್ಮ ಹೆಸರಿಗೇ ಮಾಡಿಬಿಡಲೇ ಎಂದು ಶೇಖಪ್ಪನವರನ್ನು ಕೇಳುತ್ತಾನೆ. ಅವರು ಅಚ್ಚು ಮಗುಚುತ್ತಲೇ ಸಿಂಧೂರಳತ್ತ ತಿರುಗುತ್ತಾರೆ.

"ನಿಮ್ಮ ಇಂಗ್ಲೀಷಿನ್ಯಾಗ ಚೊಲೋತ್ನಾಗ ಹೇಳವ್ವ ಅವಂಗ. ಅಂಗಡಿ ಅಮ್ಮಾರದು. ಅವರ ಭುಜ ನೆಟ್ಟಗಾಗೂತನ ಕೈ ಅಷ್ಟ ನಂದು."