ಕಂಡಕ್ಟರರ ಹೋಲ್ಡಾನ್

ನಿವೃತ್ತರಾಗಿ ವರ್ಷಗಳೇ ಕಳೆದರೂ ಎಲ್ಲರ ಬಾಯಲ್ಲೂ ಅವರು ಕಂಡಕ್ಟರೇ. ಡಿಪೋದ ಹಳಬರು ಹೊಸಬರೆಲ್ಲ ಫೋನಿನಲ್ಲಿ ಕಟ್ಟಿಕೊಂಡ ಗುಂಪಿಗೆ ಅವರೇ ಅಡ್ಮಿನ್. ಮೊದಮೊದಲು ಶುಭೋದಯದ ಹೂವುಗಳ ಕಾಟ; ಆಮೇಲೆ ಬಡ್ತಿ, ಪಾಳಿ, ಪಿಂಚಣಿ ಅಂತ ಜಗಳ. ತುಂಬಿದ ಬಸ್ಸಿನಲ್ಲಿ ಕಾಲು ತುಳಿದವರನ್ನೂ ತುಳಿಸಿಕೊಂಡವರನ್ನೂ ಸಂಭಾಳಿಸಿದ ಮನುಷ್ಯನಿಗೆ ಇದೇನು ಮಹಾ! ಗುಂಪಿಗೆ ಬೀಗ ಹಾಕುವ ಗುಂಡಿ ಇದ್ದರೂ ಒಮ್ಮೆಯೂ ಒತ್ತಿದವರಲ್ಲ. ಮಾತು ಮೀರಿದಾಗ 'ಹೋಲ್ಡಾನ್' ಎಂದು ಬರೆಯುತ್ತಿದ್ದರು, ಅಷ್ಟೇ. ಡ್ರೈವರುಗಳ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತೇನೋ, ಎಲ್ಲರೂ ಗಪ್‌ಚುಪ್. ಬಿಸಿ ಆರಿದ ಮೇಲೆ 'ರೈಟ್' ಅಂದರೆ ಮತ್ತೆ ಹರಟೆ ಹೊರಡುತ್ತಿತ್ತು.

ಅವರ ಜೊತೆ ಬಹುಕಾಲ ದುಡಿದ ಡ್ರೈವರ್ ಒಂದು ಅಪಘಾತದಲ್ಲಿ ತೀರಿಕೊಂಡ. ಗುಂಪಿನಿಂದ ಅವನ ನಂಬರ್ ತೆಗೆಯಬೇಕಿತ್ತು. ಎಷ್ಟೋ ಜನರನ್ನು ಬಸ್ಸಿನಿಂದ ಇಳಿಸಿದ ಕಂಡಕ್ಟರರಿಗೆ ಇವನನ್ನು ಇಳಿಸಲು ಮನಸ್ಸು ಬರಲಿಲ್ಲ. ಆ ಫೋನನ್ನು ಅವನ ಹೆಂಡತಿ ಇಟ್ಟುಕೊಂಡಿದ್ದಾಳೆಂಬುದು ಹೊಳೆಯಲೇ ಇಲ್ಲ. ತಪ್ಪಾದದ್ದು ಅಲ್ಲೇ.

ಸ್ವಲ್ಪ ದಿನಕ್ಕೆ ಗುಂಪಿನಲ್ಲಿ ಅಪಘಾತದ ಚರ್ಚೆ ಎದ್ದಿತು. ನಾಲ್ಕು ಜನ ಮಾತಾಡಿ ಹಗುರಾಗಲಿ ಎಂದು ಕಂಡಕ್ಟರ್ ತಡೆಯಲಿಲ್ಲ. ಆಗ ಮೆಕ್ಯಾನಿಕ್ ಬರೆದ, ಅವನು ಕುಡಿದಿದ್ದ ಎಂದು. ಈ ಮೆಕ್ಯಾನಿಕ್ ಬೇರೆ ಯಾರೂ ಅಲ್ಲ, ಕಂಡಕ್ಟರರ ಹೆಂಡತಿಯ ತಮ್ಮ. ಆ ಬಸ್ಸಿನ ಬ್ರೇಕ್ ನೋಡಿ ಕಳಿಸಿದ್ದು ಅವನೇ. ಯಾರಾದರೂ ಬ್ರೇಕಿನ ಮಾತೆತ್ತಿದರೆ ತನ್ನ ಬುಡಕ್ಕೆ ಬರುತ್ತದೆಂಬ ಭಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಸತ್ತವನೇನು ಎದ್ದು ಬಂದು ಇಲ್ಲ ಅನ್ನುತ್ತಾನೆಯೇ? ಇನ್ನಿಬ್ಬರು ಹೌದು ಹೌದು ಎಂದು ದನಿಗೂಡಿಸಿದರು.

ಸತ್ತವನ ನಂಬರಿನಿಂದಲೇ ಉತ್ತರ ಬಂತು. "ನಮ್ಮನೆಯವರು ಕುಡೀತಿರಲಿಲ್ಲ. ನಾನು ಓದ್ತಾ ಇದೀನಿ."

ಕಂಡಕ್ಟರ್ ಹೋಲ್ಡಾನ್ ಎಂದು ಬರೆದವರೇ ಚಪ್ಪಲಿ ಮೆಟ್ಟಿಕೊಂಡು ಆಕೆಯ ಮನೆಗೆ ನಡೆದರು. ಎರಡು ಕೋಣೆಯ ಮನೆ. ಬಾಗಿಲ ಹಿಂದಿನ ಮೊಳೆಯಲ್ಲಿ ಖಾಕಿ ಅಂಗಿ ಇನ್ನೂ ನೇತಾಡುತ್ತಿತ್ತು, ಅದರ ಕೆಳಗೆ ಫೋನು ಚಾರ್ಜಿಗಿತ್ತು. ತಪ್ಪಾಯಿತಮ್ಮ, ಆ ಮಾತುಗಳನ್ನೆಲ್ಲ ಅಳಿಸುತ್ತೇನೆ, ನಂಬರನ್ನೂ ತೆಗೆಯುತ್ತೇನೆ, ಇನ್ನು ಇಂಥದ್ದು ನಿನ್ನ ಕಣ್ಣಿಗೆ ಬೀಳುವುದಿಲ್ಲ ಎಂದರು.

"ಅಳಿಸಬೇಡಿ ಅಣ್ಣ," ಎಂದಳು ಆಕೆ. "ಅಳಿಸಿದ್ರೆ ಅಂದೋರು ಮರೀತಾರೆ, ನಾನು ಮರೆಯಲ್ಲ. ನಮ್ಮನೆಯವರನ್ನ ಗುಂಪಿಂದ ಇಳಿಸಲೂ ಬೇಡಿ. ಅವರು ಅಲ್ಲಿದ್ರೆ ಮಾತಾಡೋರಿಗೆ ಸ್ವಲ್ಪ ಭಯ ಇರುತ್ತೆ."

ಗುಂಪು ನಿಂತಲ್ಲೇ ನಿಂತಿತು. ದಿನಗಳು ಉರುಳಿದರೂ ಕಂಡಕ್ಟರ್ ರೈಟ್ ಎನ್ನಲಿಲ್ಲ. ತಮ್ಮನ ಮಾತು ಅಳಿಸದೆ ಎಲ್ಲರ ಕಣ್ಣಿಗೆ ಬಿಟ್ಟು ನನ್ನ ತವರಿನ ಮಾನ ಬೀದಿಗೆ ಹಾಕಿದಿರಿ ಎಂದು ಹೆಂಡತಿ ಮಾತು ಬಿಟ್ಟಳು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಮೆಕ್ಯಾನಿಕ್ಕೇ ಬಂದು ಕೂತ, ಉಗುರಿನ ಗ್ರೀಸು ಕೆರೆಯುತ್ತ.

"ಯಾವಾಗ ರೈಟ್ ಹೇಳ್ತೀರ ಭಾವ?"

"ಈ ಸಲ ಹೇಳೋದು ನಾನಲ್ಲ. ಆ ಮನೆಗೆ ಹೋಗಿ ಕೇಳು."

ಹೋದ. ಅಲ್ಲಿ ಏನು ಮಾತಾಯಿತೋ ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಸಂಜೆ ಗುಂಪಿನಲ್ಲಿ ಅವನ ಎರಡು ಸಾಲು ಬಂದವು: ಅವನು ಕುಡಿದದ್ದನ್ನು ನಾನು ನೋಡಿಲ್ಲ. ಬ್ರೇಕ್ ನೋಡಿ ಕಳಿಸಿದ್ದು ನಾನು.

ಅದರ ಕೆಳಗೆ, ಸತ್ತವನ ನಂಬರಿನಿಂದ ಒಂದೇ ಪದ: ರೈಟ್.

ಅಷ್ಟು ವರ್ಷ ಕಂಡಕ್ಟರರ ರೈಟಿಗೆ ಕಾದು ಬಸ್ಸೆತ್ತಿದವನ ನಂಬರ್ ಅದು. ಅವರಿಗೆ ಅಳು ತಡೆಯಲಾಗಲಿಲ್ಲ.