ಮನೆಕಂದಾಯದ ಕಾಲುಸಂಕ

ಕೊಪ್ಪದಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ನಾನು ಒಂದು ಅವಧಿಗೆ ನಮ್ಮೂರಿನ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದೆ. ಈಗ ಮತ್ತೆ ಮಿಷನ್ ತುಳಿಯುತ್ತಿದ್ದೇನೆ. ಆ ದಿನಗಳದ್ದು ಹೆಚ್ಚು ನೆನಪಾಗುವುದು ಹಳ್ಳದಾಚೆಯ ನಾಲ್ಕು ಮನೆಗಳಿಗೆ ಕಾಲುಸಂಕ, ಅಂದರೆ ನಡೆದು ದಾಟುವ ಕಿರುಸೇತುವೆ, ಹಾಕಿಸಿದ್ದು.

ಗೆದ್ದ ಹೊಸತರಲ್ಲಿ ಕೇಂದ್ರದ ಹಣಕಾಸು ಆಯೋಗದ ಅನುದಾನ ಬಂದಿದೆಯೆಂದು ಕೇಳಿ, ಸಂಕ ಆಗಿಯೇಬಿಟ್ಟಿತು ಅನ್ನುವ ಹುರುಪಿನಲ್ಲಿ ಕಚೇರಿಗೆ ಹೋದೆ. ಪಂಚಾಯಿತಿಯ ಅಧಿಕಾರಿ ಪಿಡಿಒ ಬಯಲುಸೀಮೆಯವರು, ಮೆಲುಮಾತಿನವರು. ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

“ಇದರಲ್ಲಿ ದೊಡ್ಡ ಪಾಲು ನೀರಿಗೆ, ಸ್ವಚ್ಛತೆಗೇ ಮೇಡಂ. ದಿಲ್ಲಿಯಲ್ಲೇ ಹಾಗಂತ ಬರೆದು ಕಳಿಸ್ತಾರೆ. ಉಳಿದದ್ದು ಆಗಲೇ ರಸ್ತೆಗೆ ಹೋಗಿದೆ.”

“ನಮ್ಮಲ್ಲಿ ನೀರು ಗುಡ್ಡದಿಂದ ತಾನಾಗೇ ಬರ್ತದೆ ಮಾರಾಯ್ರೆ. ಆ ನೀರು ದಾಟಕ್ಕೆ ಸಂಕ ಇಲ್ಲ ಅಂತ ದಿಲ್ಲಿಗೆ ಯಾರು ಹೇಳೋದು?”

ಅವರು ಕಂಪ್ಯೂಟರಿನಲ್ಲಿ ಇನ್ನೊಂದು ಪಟ್ಟಿ ತೆರೆದರು. “ಮನೆಕಂದಾಯ ಮಾತ್ರ ನಮ್ಮ ಸ್ವಂತದ್ದು. ಅದಕ್ಕೆ ಮೇಲಿನವರ ಕಟ್ಟುಪಾಡಿಲ್ಲ. ಆದರೆ ಜನ ಕಟ್ಟೋದೇ ಇಲ್ವಲ್ಲ” ಎಂದರು.

“ನಾವೇ ಹೋಗಿ ಕೇಳುವ, ಬನ್ನಿ” ಎಂದೆ.

ಹಾಗೆ ಶುರುವಾಯಿತು ನಮ್ಮ ತಿರುಗಾಟ. ಭಾನುವಾರಗಳಲ್ಲಿ ರಸೀದಿ ಪುಸ್ತಕ ಹಿಡಿದು ಮನೆಮನೆ ಹತ್ತಿಳಿದೆವು. ರಕ್ತ ಹೀರುವ ಇಂಬಳ ಕಚ್ಚಿದರೆ ಪಿಡಿಒ ಹೌಹಾರುತ್ತಿದ್ದರು. ಮನೆಯವರು ಸುಣ್ಣ ಹಚ್ಚಿ, ಕಾಫಿ ಕೊಟ್ಟು, ಮಾತಿಗೆ ಕೂರಿಸಿಕೊಳ್ಳುತ್ತಿದ್ದರು. ಕೆಲವರು ಅಲ್ಲೇ ಕಟ್ಟಿದರು, ಕೆಲವರು ಅಡಿಕೆ ಮಾರಿದ ಮೇಲೆ ಬನ್ನಿ ಅಂದರು.

ಹಳ್ಳದಾಚೆ ತೋಟದ ಕೆಲಸಕ್ಕೆ ಹೋಗುವ ಒಬ್ಬ ಅಜ್ಜಿಯಿದ್ದರು. ಪಂಚಾಯಿತಿ ಲೆಕ್ಕದಲ್ಲಿ ಅವರ ಮನೆಗೆ ನಂಬರೇ ಬಿದ್ದಿರಲಿಲ್ಲ, ಹಾಗಾಗಿ ಕಂದಾಯವೂ ಇರಲಿಲ್ಲ.

“ನಿಮ್ಮದು ಏನೂ ಬಾಕಿ ಇಲ್ಲ ಅಜ್ಜಿ” ಎಂದರು ಪಿಡಿಒ.

“ಎಂತಕ್ಕೆ ಇಲ್ಲ? ದಿನಾ ದಾಟೋದು ನಾನು. ನನ್ನ ಮನೆನೂ ಬರ್ಕಳಿ.”

ಪಿಡಿಒ ಜಗಲಿಯಲ್ಲೇ ಕುಳಿತು ಅರ್ಜಿ ತುಂಬಿದರು. ನಂಬರ್ ಬಂದ ಮೇಲೆ ಅಜ್ಜಿ ತಾವೇ ಕಚೇರಿಗೆ ನಡೆದು ಬಂದು ಕಂದಾಯ ಕಟ್ಟಿ, ರಸೀದಿಯನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡರು.

ಸೇರಿದ ಕಂದಾಯದಲ್ಲೇ ಬೇಸಿಗೆಯಲ್ಲಿ ಸಂಕ ಆಯಿತು. ನಾವಂದುಕೊಂಡಷ್ಟು ಅಗಲವಿಲ್ಲ, ಹಿಡಿಕಂಬಿ ಒಂದೇ ಕಡೆ. ಆದರೂ ಆ ಮಳೆಗಾಲದಲ್ಲಿ ಹಳ್ಳ ತುಂಬಿದಾಗ ಯಾರೂ ಮೊದಲಿನ ಹಾಗೆ ದೂರದ ದಾರಿಯಲ್ಲಿ ಸುತ್ತು ಹಾಕಲಿಲ್ಲ.

ಪಿಡಿಒಗೆ ನರಸಿಂಹರಾಜಪುರದ ಕಡೆ ವರ್ಗವಾಯಿತು. ಈಚೆಗೆ ಶೃಂಗೇರಿ ಬಸ್ಸಿನಲ್ಲಿ ಸಿಕ್ಕರು, ಕೂದಲು ನೆರೆತಿದೆ.

“ಈಗ ಕಂದಾಯ ಮೊಬೈಲಲ್ಲೇ ಕಟ್ತಾರೆ ಮೇಡಂ, ಒಳ್ಳೇದೇ” ಎಂದರು. ಆಮೇಲೆ ಕಿಟಕಿಯಾಚೆ ನೋಡುತ್ತ, “ಆದರೆ ಈಗಿರೋ ಊರಲ್ಲಿ ಯಾರ ಮನೆ ಎಲ್ಲಿದೆ ಅಂತಲೇ ನನಗೆ ಗೊತ್ತಿಲ್ಲ” ಎಂದರು.